ಕಾಣೆಯಾದ 3 ವೋಲ್ಟ್

ಮಕ್ಕಳೇ, ಒಂದು ಸಣ್ಣ ಪ್ರಯೋಗ ಮಾಡಿ ನೋಡಿರಿ. 9 ವೋಲ್ಟ್ ಬ್ಯಾಟರಿಗೆ 10 ಲಕ್ಷ ಓಮ್‌ನ ಎರಡು ರೋಧಕಗಳನ್ನು ಸರಣಿಯಲ್ಲಿ ಜೋಡಿಸಿ. ವಿಜಾಪುರ ರಸ್ತೆಯ ಯಾವ ಟಿವಿ ರಿಪೇರಿ ಅಂಗಡಿಯಲ್ಲಿ ಕೇಳಿದರೂ ರೋಧಕ ಸಿಗುತ್ತವೆ. ಲೆಕ್ಕದ ಪ್ರಕಾರ ಒಂದೊಂದಕ್ಕೂ 4.5 ವೋಲ್ಟ್ ಬರಬೇಕು. ಆದರೆ ಅಗ್ಗದ ಮಲ್ಟಿಮೀಟರ್ ಹಚ್ಚಿದರೆ ಮೊದಲನೆಯದಕ್ಕೆ ಸುಮಾರು 3, ಎರಡನೆಯದಕ್ಕೂ 3! ನಮ್ಮ ತರಗತಿಯಲ್ಲಿ ಒಬ್ಬ ಹುಡುಗಿ ಕೂಡಲೇ ಕೇಳಿದಳು: "ಸರ್, ಉಳಿದ ಮೂರು ವೋಲ್ಟ್ ಎಲ್ಲಿ ಹೋದ್ವು ರೀ?"

ಎಲ್ಲಿಯೂ ಹೋಗಿಲ್ಲ. ಇಂಥ ಮೀಟರಿನ ಒಳಗೂ ಸುಮಾರು 10 ಲಕ್ಷ ಓಮ್ ರೋಧ ಇರುತ್ತದೆ. ಮೀಟರ್ ಹಚ್ಚಿದೊಡನೆ ಅದು ರೋಧಕಕ್ಕೆ ಸಮಾಂತರವಾಗಿ ಕೂಡಿ, ಅಲ್ಲಿಯ ರೋಧ 5 ಲಕ್ಷಕ್ಕೆ ಇಳಿಯುತ್ತದೆ. ಅಳೆಯಲು ಹೋದ ನಾವೇ ಮಂಡಲವನ್ನು ಬದಲಿಸಿಬಿಟ್ಟೆವು.

ಮೊಬೈಲಿನ ಚಿಪ್ ತಯಾರಿಸುವವರಿಗೂ ಇದೇ ತೊಂದರೆ, ಆದರೆ ಬಹಳ ದೊಡ್ಡದು. ವೈ-ಫೈ ಸಂಕೇತ ಸೆಕೆಂಡಿಗೆ ಸುಮಾರು 240 ಕೋಟಿ ಸಲ ಕಂಪಿಸುತ್ತದೆ. ಆಸಿಲೋಸ್ಕೋಪಿನ ಸಾಧಾರಣ ಪ್ರೋಬಿನ ರೋಧ 1 ಕೋಟಿ ಓಮ್, ಕೇಳಲಿಕ್ಕೆ ಚೆನ್ನಾಗಿದೆ. ಆದರೆ ಅದರ ತುದಿ ಸುಮಾರು 10 ಪಿಕೋಫ್ಯಾರಡ್‌ನ ಕೆಪಾಸಿಟರಿನಂತೆಯೂ ವರ್ತಿಸುತ್ತದೆ. ಆವೃತ್ತಿ ಹೆಚ್ಚಿದಷ್ಟೂ ಕೆಪಾಸಿಟರಿನ ತಡೆ ಕಡಿಮೆ. ಹಾಗಾಗಿ ವೈ-ಫೈ ಸಂಕೇತಕ್ಕೆ ಆ ಪ್ರೋಬು ಬರೇ 7 ಓಮ್! ಹಚ್ಚಿದರೆ ಸಂಕೇತವೇ ಕುಸಿಯುತ್ತದೆ. ಚಿಪ್ಪಿನೊಳಗಿನ ತಂತಿಗಳಂತೂ ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣವು, ಮುಟ್ಟುವುದೇ ಕಷ್ಟ.

ಅದಕ್ಕೇ ಮೊದಲು ಲೆಕ್ಕ. 1970ರ ದಶಕದ ಆರಂಭದಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 'ಸ್ಪೈಸ್' ಎಂಬ ಕಂಪ್ಯೂಟರ್ ಪ್ರೋಗ್ರಾಂ ಹುಟ್ಟಿತು. ಪ್ರತಿ ಕೂಡುಬಿಂದುವಿಗೆ ಬಂದ ವಿದ್ಯುತ್ತು ಹೊರಗೂ ಹೋಗಲೇಬೇಕು ಎಂಬ ನಿಯಮ ಹಿಡಿದು, ಕ್ಷಣಕ್ಷಣಕ್ಕೂ ಎಲ್ಲೆಲ್ಲಿ ಎಷ್ಟು ವೋಲ್ಟ್ ಎಂದು ಅದು ಲೆಕ್ಕ ಹಾಕುತ್ತದೆ. ತಯಾರಾದ ಚಿಪ್ಪನ್ನು ಬೆಸುಗೆ ಹಾಕಿ ರಿಪೇರಿ ಮಾಡಲಾಗದು. ತಪ್ಪಾದರೆ ತಿಂಗಳುಗಳೂ ಕೋಟಿಗಟ್ಟಲೆ ಹಣವೂ ಹೋಗುತ್ತವೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ ಅಲ್ಲಿ ಮೊದಲು ಶುರುವಾದದ್ದು ಚಿಪ್ ವಿನ್ಯಾಸಕ್ಕೆ ಬೇಕಾದ ಸಾಫ್ಟ್‌ವೇರ್ ಬರೆಯುವ ಕೆಲಸವೇ.

ಲೆಕ್ಕ ನಿಜವೋ ಸುಳ್ಳೋ ಎಂದು ತಿಳಿಯಲು ಅಳೆಯಲೇಬೇಕಲ್ಲ? ಅದಕ್ಕೆ ಪರೀಕ್ಷೆಯ ಚಿಪ್ಪಿನ ಮೇಲೆ ಪುಟ್ಟ ಲೋಹದ ಪಟ್ಟಿಗಳನ್ನು ಬಿಟ್ಟಿರುತ್ತಾರೆ. ಅವಕ್ಕೆ ಸೂಕ್ಷ್ಮ ಮೊನೆ ತಾಗಿಸಿ ಅಲೆ ಕಳಿಸಿ, ಎಷ್ಟು ಮರಳಿತು, ಎಷ್ಟು ದಾಟಿತು ಎಂದು ನೋಡುತ್ತಾರೆ. ಆದರೆ ಆ ಪಟ್ಟಿಯ ಪ್ರಭಾವವೂ ಅಳತೆಯಲ್ಲಿ ಸೇರಿರುತ್ತದೆ. ಆದ್ದರಿಂದ ಪಕ್ಕದಲ್ಲೇ ಖಾಲಿ ಪಟ್ಟಿಗಳನ್ನೂ ಮಾಡಿ, ಅವನ್ನು ಬೇರೆ ಅಳೆದು ಕಳೆಯುತ್ತಾರೆ. ಕಿರಾಣಿ ಅಂಗಡಿಯವರು ಎಣ್ಣೆ ತೂಗುವಾಗ ಖಾಲಿ ಡಬ್ಬಿಯ ತೂಕ ಕಳೆಯುವುದಿಲ್ಲವೇ, ಹಾಗೆ.

ಈಗ ನೀವು 10 ಲಕ್ಷದ ಬದಲು 1,000 ಓಮ್‌ನ ಎರಡು ರೋಧಕ ಹಾಕಿ. ಮೀಟರ್ ಎಷ್ಟು ತೋರಿಸುತ್ತದೆ ಎಂದು ಮೊದಲು ವಹಿಯಲ್ಲಿ ಬರೆದಿಟ್ಟು, ಆಮೇಲೆ ಹಚ್ಚಿ ನೋಡಿರಿ.