ಲಾಘವವೂ ವಿರೋಧಪರಿಹಾರವೂ: ಉದ್ಯಮಶಾಸ್ತ್ರದ ಎರಡು ಪದ್ಧತಿಗಳ ಸಮನ್ವಯ

ಅಲ್ಪಸಾಧನದಿಂದ ಪೂರ್ಣಪ್ರಯೋಜನವನ್ನು ಪಡೆಯುವುದೇ ಲಾಘವ. ಪಾಣಿನೀಯ ಸೂತ್ರರಚನೆಗೆ ಇದು ಜೀವಾಳವೆಂಬುದು ವಿದ್ವಾಂಸರಿಗೆ ವಿದಿತವಾದುದೇ. ಇದಕ್ಕೆ ಸದೃಶವಾದ ತತ್ತ್ವವೊಂದು ಜಪಾನಿನ ಕಾರ್ಖಾನೆಗಳಲ್ಲಿ ಸ್ವತಂತ್ರವಾಗಿ ಬೆಳೆದು, 1988ರಲ್ಲಿ 'ಲೀನ್' ಎಂಬ ಹೆಸರನ್ನು ಪಡೆಯಿತು. ಸೋವಿಯತ್ ದೇಶದಲ್ಲಿ ಹುಟ್ಟಿದ ನವಕಲ್ಪನಾಶಾಸ್ತ್ರಕ್ಕೆ 'ಟ್ರಿಜ್' ಎಂದು ಹೆಸರು. ಇವೆರಡೂ ಪರಸ್ಪರಾಪೇಕ್ಷಿಗಳೆಂಬುದೇ ಇಲ್ಲಿಯ ಪ್ರತಿಪಾದ್ಯ.

ಟೊಯೋಟ ಸಂಸ್ಥೆಯ ತಾಯಿಚಿ ಓನೋ (1912–1990) ವ್ಯರ್ಥವನ್ನು ಏಳು ಬಗೆಯಾಗಿ ವಿಂಗಡಿಸಿದನು: ಅಧಿಕೋತ್ಪಾದನೆ, ಕಾಯುವಿಕೆ, ಸಾಗಾಟ, ಅನಗತ್ಯ ಸಂಸ್ಕಾರ, ದಾಸ್ತಾನು, ವೃಥಾಚಲನೆ ಮತ್ತು ದೋಷ. ಇವುಗಳಲ್ಲಿ ಅಧಿಕೋತ್ಪಾದನೆಯೇ ಉಳಿದವುಗಳಿಗೆ ಮೂಲವೆಂದು ಅವನ ಮತ. ಗೆನ್ರಿಖ್ ಆಲ್ಟ್‌ಶುಲರ್ (1926–1998) ಎಂಬವನಾದರೋ 1946ರಿಂದ ಆವಿಷ್ಕಾರಗಳ ಹಕ್ಕುಪತ್ರಗಳನ್ನು ಪರಿಶೀಲಿಸಿ, ಉತ್ತಮವಾದ ಆವಿಷ್ಕಾರವು ವಿರೋಧವನ್ನು ಸಹಿಸಿಕೊಳ್ಳದೆ ನಿವಾರಿಸುತ್ತದೆಂದು ಕಂಡನು. ಅದಕ್ಕೆ ಸಾಧನವಾಗಿ ಕಾಲಕ್ರಮದಲ್ಲಿ 40 ಸೂತ್ರಗಳನ್ನು ಸಂಗ್ರಹಿಸಿದನು.

ವ್ಯರ್ಥವನ್ನು ಕಂಡಮೇಲೆ ತ್ಯಜಿಸಿದರೆ ಸಾಲದೆ, ನವಕಲ್ಪನೆಯೇಕೆ ಎಂದು ಶಂಕಿಸಬಹುದು. ಸಾಲದು. ಅನೇಕ ವ್ಯರ್ಥಗಳು ವಿರೋಧದಲ್ಲಿ ಬೇರೂರಿರುತ್ತವೆ. ಒತ್ತುಯಂತ್ರದ ಅಚ್ಚನ್ನು ಬದಲಿಸಲು ಬಹುಕಾಲ ಹಿಡಿಯುವುದಾದರೆ, ಒಂದೇ ಬಗೆಯ ಭಾಗಗಳನ್ನು ರಾಶಿಯಾಗಿ ತಯಾರಿಸಬೇಕಾಗುವುದು. ಆಗ ದಾಸ್ತಾನು ಬೆಳೆಯುತ್ತದೆ. ರಾಶಿಯನ್ನು ಕಿರಿದುಮಾಡಿದರೆ ಯಂತ್ರವು ಪದೇ ಪದೇ ನಿಲ್ಲುತ್ತದೆ. 1913ರಲ್ಲಿ ಫೋರ್ಡ್ ಹ್ಯಾರಿಸ್ ಎಂಬವನು ಇವೆರಡರ ನಡುವಣ ಮಿತವ್ಯಯದ ಪರಿಮಾಣವನ್ನು ಗಣಿತದಿಂದ ತೋರಿಸಿದನು. ಅದು ವಿರೋಧದೊಡನೆ ಮಾಡಿಕೊಂಡ ಸಂಧಿಯೇ ಹೊರತು ಪರಿಹಾರವಲ್ಲ.

ಪರಿಹಾರವನ್ನು ಶಿಗೇಯೊ ಶಿಂಗೊ ಸಾಧಿಸಿದನು. 1969ರಲ್ಲಿ ಟೊಯೋಟದ 1000 ಟನ್ನಿನ ಒತ್ತುಯಂತ್ರದಲ್ಲಿ ಅಚ್ಚು ಬದಲಿಸಲು 4 ಗಂಟೆ ಬೇಕಾಗುತ್ತಿದ್ದಿತು. ಯಂತ್ರವು ನಿಂತಾಗಲೇ ಮಾಡತಕ್ಕ ಕೆಲಸಗಳನ್ನೂ, ಓಡುತ್ತಿರುವಾಗಲೇ ಮುಗಿಸಬಹುದಾದ ಕೆಲಸಗಳನ್ನೂ ಅವನು ಬೇರ್ಪಡಿಸಿದನು. ಆ ಕಾಲವು ಮೊದಲು 90 ನಿಮಿಷಕ್ಕೂ, ಅನಂತರ ನಿಂತಾಗಿನ ಕೆಲಸಗಳನ್ನು ಓಡುವಾಗಿನವುಗಳಾಗಿ ಮಾರ್ಪಡಿಸಿದುದರಿಂದ 3 ನಿಮಿಷಕ್ಕೂ ಇಳಿಯಿತು. ಇದು ಟ್ರಿಜ್ಜಿನಿಂದ ಹುಟ್ಟಿದುದಲ್ಲ. ಆದರೂ 'ಕಾರ್ಯವನ್ನು ಮುಂಚಿತವಾಗಿಯೇ ಮಾಡು' ಎಂಬ ಅದರ ಲಕ್ಷಣಕ್ಕೆ ನಿರ್ದುಷ್ಟವಾದ ಲಕ್ಷ್ಯ. ಪರಸ್ಪರವಿರುದ್ಧವಾದ ಧರ್ಮಗಳನ್ನು ಕಾಲಭೇದದಿಂದಲೋ ದೇಶಭೇದದಿಂದಲೋ ಪ್ರತ್ಯೇಕಿಸುವ ಈ ಕ್ರಮವು, ವಿರುದ್ಧವಿಧಿಗಳಿಗೆ ವಿಷಯಭೇದದಿಂದ ವ್ಯವಸ್ಥೆಯನ್ನು ಹೇಳುವ ಮೀಮಾಂಸಕರಿಗೆ ಅಪರಿಚಿತವೆನಿಸದು.

ಆದುದರಿಂದ ಇವುಗಳ ಪೌರ್ವಾಪರ್ಯವು ಮುಖ್ಯವಾದುದು. ಲೀನ್ ಪದ್ಧತಿಯು ಸಮಸ್ಯೆ ಎಲ್ಲಿದೆಯೆಂಬುದನ್ನು ತೋರಿಸುತ್ತದೆ; ಟ್ರಿಜ್ ಅದರೊಳಗಣ ವಿರೋಧವನ್ನು ಬಿಡಿಸುತ್ತದೆ; ಫಲಿತವನ್ನು ನಿತ್ಯಕ್ರಮವಾಗಿ ನೆಲೆಗೊಳಿಸುವುದು ಮತ್ತೆ ಲೀನ್ ಪದ್ಧತಿಯ ಕಾರ್ಯ. ಮೊದಲನೆಯದಿಲ್ಲದ ನವಕಲ್ಪನೆಯು ಯಾರಿಗೂ ಬೇಡವಾದ ಪ್ರಶ್ನೆಗೆ ಜಾಣ ಉತ್ತರವಾಗಬಹುದು. ಎರಡನೆಯದಿಲ್ಲದ ಲಾಘವವು ಇನ್ನೂ ಅಪಾಯಕರ. ಯಂತ್ರದಲ್ಲಿ ಉಳಿದ ವಿರೋಧದ ಭಾರವೆಲ್ಲವೂ ಕೆಲಸಗಾರನ ಬೆನ್ನಿಗೆ ಬೀಳುತ್ತದೆ, ವೇಗವಾಗಿ ದುಡಿಯೆಂಬ ಆಜ್ಞೆಯೊಂದೇ ಉಪಾಯವಾಗುತ್ತದೆ. ಶ್ರಮವನ್ನು ಹೆಚ್ಚಿಸಿ ವ್ಯರ್ಥವನ್ನು ಮರೆಮಾಡುವುದು ಲಾಘವವೆನಿಸದು; ಅದು ಗೌರವದ ರೂಪಾಂತರವಷ್ಟೆ, ಭಾರವು ಸ್ಥಾನವನ್ನು ಬದಲಿಸಿತೇ ಹೊರತು ಇಳಿಯಲಿಲ್ಲ.