ಮೂರು ಸೆಕೆಂಡಿನ ಕಸುವು

1908ನೇ ಇಸವಿ. ಅಮೆರಿಕದ ಮಿಶಿಗನ್‌ನಲ್ಲಿ ಕಾರು ತಯಾರಿಸುತ್ತಿದ್ದ ಬೈರನ್ ಕಾರ್ಟರ್, ಎಂಜಿನ್ ನಿಂತುಹೋಗಿ ಪರದಾಡುತ್ತಿದ್ದ ಹೆಂಗಸೊಬ್ಬಳ ನೆರವಿಗೆ ತನ್ನ ಕಾರಿನಿಂದ ಇಳಿದನಂತೆ. ಬಗ್ಗಿ ಹ್ಯಾಂಡಲ್ ಹೊಡೆದ. ಎಂಜಿನ್ ಹಿಡಿಯಿತು, ಆದರೆ ಹಿಂದಕ್ಕೆ ಒದೆಯಿತು. ಗಿರ್ರನೆ ತಿರುಗಿ ಬಂದ ಕಬ್ಬಿಣದ ಹಿಡಿ ಅವನ ದವಡೆ ಮುರಿಯಿತು. ಗಾಯದ ಮೇಲೆ ನ್ಯುಮೋನಿಯಾ ಸೇರಿ ಕಾರ್ಟರ್ ತೀರಿಕೊಂಡ ಎನ್ನುತ್ತಾರೆ.

ಪಿಸ್ಟನ್ ತುದಿ ಮುಟ್ಟುವ ಮೊದಲೇ ಕಿಡಿ ಹಾರಿದರೆ ಹೀಗೆ ಆಗುತ್ತಿತ್ತು. ನಮ್ಮಲ್ಲಿ ಹಳೆಯ ಲಾರಿಗಳಿಗೆ ಹ್ಯಾಂಡಲ್ ಹೊಡೆದವರಿಗೂ ಆ ಒದೆತ ಗೊತ್ತಿತ್ತು. ಹೆಬ್ಬೆರಳನ್ನು ಹಿಡಿಯ ಸುತ್ತ ಸುತ್ತದೆ, ಉಳಿದ ನಾಲ್ಕು ಬೆರಳಿನ ಕಡೆಗೇ ಇಟ್ಟುಕೊಳ್ಳುವುದು ಮೊದಲ ಪಾಠವಾಗಿತ್ತು.

ಕಾರ್ಟರ್‌ನ ಗೆಳೆಯ, ಕ್ಯಾಡಿಲ್ಯಾಕ್ ಕಂಪನಿಯ ಹೆನ್ರಿ ಲೆಲ್ಯಾಂಡ್‌ಗೆ ಈ ಸಾವು ಬಹಳ ನೋವು ಕೊಟ್ಟಿತು. ಹ್ಯಾಂಡಲ್ ತೊಲಗಬೇಕಿತ್ತು. ಅದಕ್ಕೆ ಹಲವರು ಆಗಲೇ ಕೈಹಾಕಿದ್ದರು. ಸ್ಪ್ರಿಂಗ್ ಬಿಗಿದು ನೋಡಿದ್ದರು, ಸಿಲಿಂಡರಿಗೆ ಒತ್ತಿದ ಗಾಳಿ ನುಗ್ಗಿಸಿದ್ದರು, ಅಸಿಟಿಲೀನ್ ಅನಿಲವನ್ನೂ ಬಿಟ್ಟು ನೋಡಿದ್ದರು. ಯಾವುದನ್ನೂ ನಂಬುವಂತಿರಲಿಲ್ಲ. ವಿದ್ಯುತ್ ಮೋಟಾರ್ ಎಂದರೆ ಬಲ್ಲವರು ಆಗದೆಂದು ತಲೆಯಾಡಿಸುತ್ತಿದ್ದರು. ಎಂಜಿನ್ ತಿರುಗಿಸುವ ಮೋಟಾರು ಎಂಜಿನ್ನಿನಷ್ಟೇ ದೊಡ್ಡದಾಗುತ್ತದೆ, ಅದಕ್ಕೆ ಬೇಕಾದ ಬ್ಯಾಟರಿ ತುಂಬಿದರೆ ಕೂರಲು ಜಾಗವಿರುವುದಿಲ್ಲ ಎಂಬುದು ಅವರ ಲೆಕ್ಕ.

ಲೆಕ್ಕ ತಪ್ಪಿರಲಿಲ್ಲ. ಅದರ ಹಿಂದಿದ್ದ ಪ್ರಶ್ನೆಯೇ ತಪ್ಪಾಗಿತ್ತು. ಅದು ಹೊಳೆದದ್ದು ಓಹಾಯೋದ ರೈತನ ಮಗ ಚಾರ್ಲ್ಸ್ ಕೆಟರಿಂಗ್‌ಗೆ. ಕಣ್ಣಿನ ತೊಂದರೆಯಿಂದ ಕಾಲೇಜು ಬಿಟ್ಟು, ಮತ್ತೆ ಸೇರಿ, 1904ರಲ್ಲಿ ಇಪ್ಪತ್ತೇಳರ ವಯಸ್ಸಿಗೆ ಎಂಜಿನಿಯರ್ ಆಗಿ ಹೊರಬಂದವನು. ಡೇಟನ್ ಊರಿನ ಗಲ್ಲಾಪೆಟ್ಟಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಕೈಯಿಂದ ತಿರುಗಿಸುತ್ತಿದ್ದ ಗಲ್ಲಾಪೆಟ್ಟಿಗೆಗೆ ಅವನು ಮೋಟಾರ್ ಕೂರಿಸಿದ್ದ. ಗುಂಡಿ ಒತ್ತಿದಾಗ ಒಂದೇ ಕ್ಷಣ ತಿರುಗಿ, ಖಾನೆ ತೆರೆದು, ಸುಮ್ಮನಾಗುವ ಮೋಟಾರ್. ಇಡೀ ದಿನ ಓಡಬೇಕಿಲ್ಲವಾದ್ದರಿಂದ ಅದು ಪುಟ್ಟದಾಗಿಯೇ ಸಾಕಾಗಿತ್ತು.

ಸಹೋದ್ಯೋಗಿ ಎಡ್ವರ್ಡ್ ಡೀಡ್ಸ್‌ನ ಮನೆಯ ಹಿಂದೆ ಒಂದು ಕೊಟ್ಟಿಗೆ ಇತ್ತು. ಕಾರ್ಖಾನೆಯ ಗೆಳೆಯರು ಸಂಜೆ ಕೆಲಸ ಮುಗಿಸಿ ಅಲ್ಲಿ ಸೇರುತ್ತಿದ್ದರು. ಹ್ಯಾಂಡಲ್ ತೊಲಗಿಸುವಂತೆ ಲೆಲ್ಯಾಂಡ್ ಹೊರಿಸಿದ ಹೊಣೆಯನ್ನು ಕೆಟರಿಂಗ್ ಅದೇ ಬಳಗವನ್ನು ಕಟ್ಟಿಕೊಂಡು ಹೊತ್ತ. ಒಂದು ಗಂಟು ಬಿಚ್ಚಿದರೆ ಮತ್ತೊಂದು ಬಿಗಿಯುತ್ತಿತ್ತು. ಪುಟ್ಟ ಮೋಟಾರಿಗೆ ಬಲ ಬರಲು ಗಿಯರ್ ಬೇಕು. ಎಂಜಿನ್ ಹಿಡಿದ ಮರುಕ್ಷಣ ಅದೇ ಗಿಯರಿನ ಮೂಲಕ ಮೋಟಾರನ್ನು ಹುಚ್ಚು ವೇಗದಲ್ಲಿ ತಿರುಗಿಸಿ ಚೂರು ಮಾಡೀತು. ಆದ್ದರಿಂದ ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ ಬಂತು. ಖಾಲಿಯಾದ ಬ್ಯಾಟರಿ ತುಂಬುವವರು ಯಾರು? ಎಂಜಿನ್ ಓಡುವಾಗ ಆ ಮೋಟಾರೇ ಡೈನಮೋ ಆಗಬೇಕಾಯಿತು. ಸ್ಟಾರ್ಟ್ ಮಾಡಲು 24 ವೋಲ್ಟ್, ದೀಪಕ್ಕೂ ಚಾರ್ಜಿಗೂ 6 ವೋಲ್ಟ್. ಬ್ಯಾಟರಿಯ ಜೋಡಣೆಯನ್ನೇ ಬದಲಿಸುವ ಸ್ವಿಚ್ಚೂ ಸೇರಿತು.

1911ರ ಫೆಬ್ರುವರಿಯಲ್ಲಿ ಕ್ಯಾಡಿಲ್ಯಾಕ್ ಕಾರೊಂದು ಯಾರೂ ಹ್ಯಾಂಡಲ್ ಮುಟ್ಟದೆ ಎದ್ದಿತು. 1912ರ ಮಾದರಿಗಳು ಸ್ಟಾರ್ಟರ್ ಹೊತ್ತೇ ಮಾರುಕಟ್ಟೆಗೆ ಬಂದವು.

ಸದಾ ಓಡಬೇಕಾದ ಮೋಟಾರ್ ಬಿಸಿಯೇರದಂತೆ ದಪ್ಪಗಿರಬೇಕು. ಮೂರು ಸೆಕೆಂಡು ಮಾತ್ರ ದುಡಿಯುವುದು ಬಿಸಿಯೇರುವ ಮೊದಲೇ ಕೆಲಸ ಮುಗಿಸಿರುತ್ತದೆ. ಬ್ಯಾಟರಿ ಸತ್ತ ಕಾರನ್ನು ಎಬ್ಬಿಸುವ, ಕಿಸೆಯಲ್ಲಿ ಹಿಡಿಸುವಂಥ ಇಂದಿನ ಜಂಪ್ ಸ್ಟಾರ್ಟರಿನ ಗುಟ್ಟೂ ಇದೇ. 10 ವೋಲ್ಟಿನಲ್ಲಿ 200 ಆಂಪಿಯರ್ ಮೂರು ಸೆಕೆಂಡು ಹರಿದರೆ ಖರ್ಚಾಗುವುದು ಎರಡು ವಾಟ್-ಗಂಟೆಗೂ ಕಡಿಮೆ, ಮೊಬೈಲ್ ಬ್ಯಾಟರಿಯಲ್ಲಿರುವುದರ ಸುಮಾರು ಹತ್ತನೇ ಒಂದು ಪಾಲು. ಆದ್ದರಿಂದ ಕೊಳ್ಳುವಾಗ ಅದರಲ್ಲಿ ಎಷ್ಟು ತುಂಬಿದೆ ಎನ್ನುವುದಕ್ಕಿಂತ, ಎಷ್ಟು ಬೇಗ ಸುರಿಯಬಲ್ಲದು ಎಂದು ನೋಡುವುದೇ ಸರಿ. ಒಳ್ಳೆಯ ಜಂಪ್ ಸ್ಟಾರ್ಟರಿನ ಕ್ಲಿಪ್ಪಿನ ವೈರಿನಲ್ಲಿ ಒಂದು ಪುಟ್ಟ ಸರ್ಕ್ಯೂಟ್ ಇರುತ್ತದೆ. ಎಂಜಿನ್ ಹಿಡಿದೊಡನೆ ಆಲ್ಟರ್ನೇಟರಿನ ಕರೆಂಟು ಹಿಂದಕ್ಕೆ ನುಗ್ಗದಂತೆ ಅದು ದಾರಿ ಮುಚ್ಚುತ್ತದೆ. ಡೇಟನ್ನಿನ ಕೊಟ್ಟಿಗೆಯಲ್ಲಿ ಆ ಕೆಲಸ ಕ್ಲಚ್ಚಿನದಾಗಿತ್ತು.