ವಿದ್ಯುತ್ ಕಾರೂ ಮನೆಯ ಲೆಕ್ಕವೂ

ಶಿವನಸಮುದ್ರದ ವಿದ್ಯುಚ್ಛಕ್ತಿಯು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ, ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಿಗೂ ಬಂದಿತು. ಅಂದು ದೀಪಕ್ಕೆಂದು ಊರೊಳಗೆ ಬಂದ ಈ ಶಕ್ತಿಯು ಕಾಲಕ್ರಮದಲ್ಲಿ ಅಡಿಗೆಯ ಮನೆಯನ್ನೂ ಸ್ನಾನದ ಮನೆಯನ್ನೂ ಹೊಕ್ಕು, ಈಗ ಬಾಗಿಲಲ್ಲಿ ನಿಂತ ವಾಹನವನ್ನೂ ನಡೆಯಿಸತೊಡಗಿದೆ. ೨೦೦೧ರಲ್ಲಿ ಬೆಂಗಳೂರಿನಲ್ಲಿಯೇ ತಯಾರಾದ ರೇವಾ ಎಂಬ ಪುಟ್ಟ ಕಾರನ್ನು ಜನರು ನಿಂತು ನೋಡುತ್ತಿದ್ದರು. ಇಂದು ವಿದ್ಯುತ್ ಕಾರು ಅಂತಹ ಆಶ್ಚರ್ಯದ ವಸ್ತುವಾಗಿ ಉಳಿದಿಲ್ಲ. ಸಾಮಾನ್ಯ ಸಂಸಾರಿಗಳೂ ಅದನ್ನು ಕೊಳ್ಳುವ ವಿಚಾರ ಮಾಡುತ್ತಿರುವರು.

ಕೊಳ್ಳುವವರು ಮೊದಲು ಕೇಳುವುದು, ತಿಂಗಳಿಗೆ ಎಷ್ಟು ಖರ್ಚಾದೀತು ಎಂಬುದನ್ನು. ಮಾರುವವರು, "ಕಿಲೋಮೀಟರಿಗೆ ಒಂದು ರೂಪಾಯಿಯ ಸುಮಾರು" ಎನ್ನುವರು. ಈ ಉತ್ತರವು ಸುಳ್ಳಲ್ಲ, ಆದರೆ ಪೂರ್ಣವೂ ಅಲ್ಲ. ಆ ಒಂದು ರೂಪಾಯಿಯು ಸ್ವಂತ ಮನೆಯ ಗೋಡೆಯಿಂದ ವಿದ್ಯುತ್ತನ್ನು ತುಂಬಿಕೊಳ್ಳುವವರದು; ಬೀದಿಯ ಚಾರ್ಜಿಂಗ್ ಕೇಂದ್ರವನ್ನೇ ನೆಚ್ಚಿದವರದಲ್ಲ.

ನಮಗೆ ಪರಿಚಿತರಾದ ದಂಪತಿಗಳೊಬ್ಬರು ಬೆಂಗಳೂರಿನಲ್ಲಿ ಬಾಡಿಗೆಯ ಮನೆಯ ಮೇಲಂತಸ್ತಿನಲ್ಲಿರುವರು. ಇಬ್ಬರೂ ಉಪಾಧ್ಯಾಯರು. ಸಾಲ ಮಾಡಿ ವಿದ್ಯುತ್ ಕಾರನ್ನು ಕೊಂಡರು. ಕಾರು ಬಂದ ಮೇಲೆ ಮನೆಯ ಯಜಮಾನರು, ಮೀಟರಿನಿಂದ ಕೆಳಗೆ ತಂತಿಯನ್ನೆಳೆಯಲು ಒಪ್ಪಲಿಲ್ಲ. ಈಗ ವಾರಕ್ಕೊಮ್ಮೆಯಾದರೂ ಅವರು ಸಾರ್ವಜನಿಕ ಕೇಂದ್ರಕ್ಕೆ ಹೋಗಿ ಒಂದು ಗಂಟೆ ಕಾದು ಬರುತ್ತಾರೆ. ಮನೆಯ ಲೆಕ್ಕವನ್ನು ಬರೆದಿಡುವ ಆ ತಾಯಿಯು ನಮ್ಮೊಡನೆ, "ಪೆಟ್ರೋಲಿನ ಹಣ ಉಳಿಯಿತು, ನಿಜ. ಆದರೆ ಸಾಲದ ಕಂತಿಗೆಂದು ನಾವು ಎಣಿಸಿದ್ದಷ್ಟು ಉಳಿಯಲಿಲ್ಲ" ಎಂದರು.

ಈ ವ್ಯತ್ಯಾಸವು ಎಷ್ಟೆಂಬುದನ್ನು ನೋಡೋಣ. ಸಾಧಾರಣ ಗಾತ್ರದ ಕಾರೊಂದು, ತುಂಬುವಾಗ ನಷ್ಟವಾಗುವ ಅಂಶವನ್ನೂ ಸೇರಿಸಿದರೆ, ಒಂದು ಯೂನಿಟ್ಟಿಗೆ ಸುಮಾರು ೬ ಕಿಲೋಮೀಟರು ಓಡುವುದು. ತಿಂಗಳಿಗೆ ೯೦೦ ಕಿಲೋಮೀಟರು ಓಡಿಸುವ ಸಂಸಾರಕ್ಕೆ ೧೫೦ ಯೂನಿಟ್ಟು ಬೇಕು. ಕರ್ನಾಟಕದಲ್ಲಿ ೨೦೨೫ರ ಏಪ್ರಿಲಿನಲ್ಲಿ ಗೃಹಬಳಕೆಯ ದರವು ಯೂನಿಟ್ಟಿಗೆ ೫ ರೂಪಾಯಿ ೮೦ ಪೈಸೆಯಾಯಿತು. ತೆರಿಗೆ ಮೊದಲಾದುವನ್ನು ಸೇರಿಸಿ ೭ ರೂಪಾಯಿಯೆಂದಿಟ್ಟುಕೊಂಡರೆ, ಮನೆಯಲ್ಲಿ ೧೦೫೦ ರೂಪಾಯಿಯಾಯಿತು. ಬೀದಿಯ ಶೀಘ್ರ ಚಾರ್ಜಿಂಗ್ ಕೇಂದ್ರಗಳಲ್ಲಿ ಯೂನಿಟ್ಟಿಗೆ ಇಪ್ಪತ್ತು ರೂಪಾಯಿಯ ಆಚೀಚೆ ಕೊಡಬೇಕಾಗುವುದು. ಅಲ್ಲಿಗೆ ೩೦೦೦ ರೂಪಾಯಿ. ಇದೇ ದೂರಕ್ಕೆ, ಲೀಟರಿಗೆ ೧೫ ಕಿಲೋಮೀಟರು ಓಡುವ ಪೆಟ್ರೋಲು ಕಾರಿಗೆ ೬೦ ಲೀಟರು ಬೇಕು. ಲೀಟರಿಗೆ ನೂರು ರೂಪಾಯಿಯಂತೆ ೬೦೦೦ ರೂಪಾಯಿ.

ಒಂದೇ ವಿದ್ಯುತ್ತಿಗೆ ಎರಡು ಬೆಲೆಯೇಕೆ? ಮನೆಯ ದಪ್ಪ ಪ್ಲಗ್ಗಿನಿಂದ, ೩೦ ಯೂನಿಟ್ಟು ಹಿಡಿಯುವ ಬ್ಯಾಟರಿಯು ತುಂಬಲು ಒಂಬತ್ತು ಹತ್ತು ಗಂಟೆಗಳಾಗುವುವು; ಆದರೆ ಆ ಹೊತ್ತಿನಲ್ಲಿ ನಾವು ನಿದ್ರಿಸುತ್ತಿರುತ್ತೇವೆ. ಬೀದಿಯ ಯಂತ್ರವು ಅದೇ ಕೆಲಸದ ಬಹುಭಾಗವನ್ನು ಗಂಟೆಯೊಳಗೆ ಮಾಡುವುದು. ಅದಕ್ಕಾಗಿ ಬೆಲೆಬಾಳುವ ಯಂತ್ರವೂ, ಸ್ಥಳವೂ, ದೊಡ್ಡ ವಿದ್ಯುತ್ ಸಂಪರ್ಕವೂ ಬೇಕು. ಮೇಲಾಗಿ, ಮನೆಗೆ ಬರುವ ವಿದ್ಯುತ್ತಿಗೆ ಜಿ.ಎಸ್.ಟಿ. ಇಲ್ಲ, ಕೇಂದ್ರದಲ್ಲಿ ಕಾರಿಗೆ ವಿದ್ಯುತ್ತು ತುಂಬುವುದು ಸೇವೆಯೆಂದು ಎಣಿಸಲ್ಪಟ್ಟು ಅದಕ್ಕೆ ನೂರಕ್ಕೆ ೧೮ರಂತೆ ತೆರಿಗೆಯು ಬೀಳುವುದು.

ಹಾಗಾದರೆ ಮನೆಯ ಲೆಕ್ಕವು ಇಷ್ಟು ಸುಲಭವೆ? ನಮ್ಮ ರಾಜ್ಯದ ಗೃಹಿಣಿಯರು ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸತಕ್ಕದ್ದು. ೨೦೨೩ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಂತೆ, ಪ್ರತಿ ಮನೆಗೂ ಅದರ ಹಿಂದಿನ ಬಳಕೆಯನ್ನನುಸರಿಸಿ ಉಚಿತ ವಿದ್ಯುತ್ತು ದೊರೆಯುವುದು. ಆದರೆ ತಿಂಗಳ ಬಳಕೆಯು ೨೦೦ ಯೂನಿಟ್ಟನ್ನು ದಾಟಿದರೆ ಇಡಿಯ ಬಿಲ್ಲನ್ನು ತೆರಬೇಕು. ೧೨೦ ಯೂನಿಟ್ಟು ಬಳಸಿ ಏನನ್ನೂ ಕೊಡದಿದ್ದ ಮನೆಗೆ ಕಾರಿನ ೧೫೦ ಯೂನಿಟ್ಟು ಸೇರಿದರೆ ೨೭೦ ಆಗುವುದು. ೧೮೯೦ ರೂಪಾಯಿಯೂ, ಮೇಲೆ ನಿಗದಿ ಶುಲ್ಕವೆಂದು ಸುಮಾರು ನಾನ್ನೂರು ರೂಪಾಯಿಯೂ ಬಂದು, ಬಿಲ್ಲು ೨೩೦೦ಕ್ಕೆ ಮುಟ್ಟುವುದು. ಹಿಂದೆ ಸೊನ್ನೆಯಿದ್ದುದರಿಂದ ಇದಷ್ಟೂ ಕಾರು ತಂದ ಖರ್ಚೇ ಆಯಿತು. ಆಗಲೂ ಬೀದಿಗಿಂತ ಮನೆಯೇ ಮೇಲು. ಆದರೆ ಉಳಿತಾಯವು ೧೯೫೦ ರೂಪಾಯಿಯಲ್ಲ, ೭೦೦ ರೂಪಾಯಿ ಮಾತ್ರ. ಕಡಿಮೆ ಓಡಾಟವುಳ್ಳವರು ತಿಂಗಳ ಕೊನೆಯಲ್ಲಿ ಮೀಟರನ್ನು ನೋಡಿಕೊಂಡು ೨೦೦ರ ಒಳಗೇ ನಿಂತರೆ, ಉಚಿತವಾಗಿ ದೊರೆತುದಕ್ಕಿಂತ ಹೆಚ್ಚಾದ ಯೂನಿಟ್ಟುಗಳಿಗೆ ಮಾತ್ರ ಹಣ ಕೊಟ್ಟರೆ ಸಾಕು.

ಇನ್ನು ಸುರಕ್ಷತೆಯ ಮಾತು. ಕಾರು ತುಂಬುವಾಗ ಎಳೆಯುವ ವಿದ್ಯುತ್ತು ಸುಮಾರು ಮೂರು ಕಿಲೋವಾಟು. ಬಿಸಿನೀರಿನ ಗೀಸರಿಗಿಂತ ಕಡಿಮೆಯೇನಲ್ಲ, ಅದೂ ರಾತ್ರಿಯಿಡೀ. ಆದುದರಿಂದ ಮೀಟರಿನಿಂದ ಪ್ರತ್ಯೇಕವಾದ ದಪ್ಪ ತಂತಿಯನ್ನೂ, ಸರಿಯಾದ ಅರ್ತಿಂಗನ್ನೂ ತಿಳಿದವರಿಂದ ಮಾಡಿಸಬೇಕು. ಕಿಟಕಿಯಿಂದ ಎಕ್ಸ್‌ಟೆನ್ಷನ್ ತಂತಿಯನ್ನು ಇಳಿಬಿಡುವುದು ಅಪಾಯಕ್ಕೆ ದಾರಿ. ಮನೆಗೆ ಮಂಜೂರಾದ ಕಿಲೋವಾಟು ಸಾಲದಿದ್ದರೆ ಅದನ್ನು ಹೆಚ್ಚಿಸಿಕೊಳ್ಳಬೇಕು; ಅದರೊಡನೆ ನಿಗದಿ ಶುಲ್ಕವೂ ಏರುವುದು. ಇವೆಲ್ಲವನ್ನೂ ಕಾರಿನ ಬೆಲೆಯೊಡನೆಯೇ ಬರೆದುಕೊಳ್ಳುವುದು ಜಾಣತನ.

ಎಲ್ಲವನ್ನೂ ಕೂಡಿಸಿ ನೋಡಿದರೆ, ಅಗ್ಗದ ವಿದ್ಯುತ್ತು ದೊರೆಯುವುದು ಗಾಡಿಯನ್ನು ನಿಲ್ಲಿಸಲು ಸ್ವಂತ ಸ್ಥಳವುಳ್ಳವರಿಗೆ. ಬಾಡಿಗೆಯವರೂ, ಜಾಗವಿಲ್ಲದ ಅಪಾರ್ಟ್‌ಮೆಂಟಿನವರೂ ಅದೇ ಹಾದಿಯಲ್ಲಿ ಅದೇ ಕಾರನ್ನು ಓಡಿಸಿ ಹೆಚ್ಚು ತೆರುತ್ತಿರುವರು. ಮನೆಯ ಯಜಮಾನರು ಮೀಟರಿನಿಂದ ಒಂದು ತಂತಿಗೆ ಅನುಮತಿ ಕೊಟ್ಟರೆ ಅವರಿಗೆ ನಷ್ಟವಿಲ್ಲ, ಬಾಡಿಗೆಯವರ ಸಂಸಾರಕ್ಕೆ ತಿಂಗಳು ತಿಂಗಳೂ ಉಪಕಾರ.

ಹಸುವನ್ನು ಮನೆಗೆ ತರುವ ಮೊದಲು ನಮ್ಮ ಹಿರಿಯರು ಕೊಟ್ಟಿಗೆಯನ್ನೂ ಮೇವನ್ನೂ ನೋಡಿಕೊಳ್ಳುತ್ತಿದ್ದರು. ವಿದ್ಯುತ್ ಕಾರನ್ನು ತರಬೇಕೆಂದಿರುವ ನಮ್ಮ ವಾಚಕರೂ ಮುಂಗಡವನ್ನು ಕೊಡುವ ಮೊದಲು, ಅದು ರಾತ್ರಿ ಎಲ್ಲಿ ನಿಲ್ಲುವುದು, ಯಾವ ಮೀಟರಿನಿಂದ ತುಂಬುವುದು ಎಂಬುದನ್ನು ನಿಶ್ಚಯಿಸಿಕೊಳ್ಳಲಿ. ಒಪ್ಪಿಗೆಯು ಬೇಕಾದಲ್ಲಿ ಅದನ್ನು ಬರೆವಣಿಗೆಯಲ್ಲಿಯೇ ಪಡೆಯಲಿ.